ಎಡಗಡೆ ಸೀಟಿನ ಮರದ ತುಂಡು

ಬೂತಾಯಿ ಮೀನಿನ ಎಣ್ಣೆಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಕಡಲ ಬದಿಯವರಾದರೆ ಹೇಳಬೇಕಾಗಿಲ್ಲ. ದೋಣಿಯ ಮರ ಹಾಳಾಗದಿರಲಿ ಎಂದು ಹಚ್ಚುತ್ತಾರೆ. ಹಚ್ಚಿದವನ ಕೈಯನ್ನೂ ಅದು ಸುಲಭಕ್ಕೆ ಬಿಡುವುದಿಲ್ಲ. ಈ ವರ್ಷದ ಹಳೇ ಕಾರುಗಳ ಕೂಟದ ದಿನ ಪೊಸಡಿಗುಂಪೆ ಬೆಟ್ಟದ ಏರಿನಲ್ಲಿ ಎಂಜಿನ್ ನಿಲ್ಲಿಸದೆ, ಬ್ರೇಕಿನ ಮೇಲಿಟ್ಟ ಕಾಲು ತೆಗೆಯದೆ, ನಾನೊಬ್ಬನೇ ಕೂತಿದ್ದಾಗ ಬಿಸಿಲಿಗೆ ಕಾದ ಎಡಗಡೆ ಸೀಟಿನಿಂದ ಆ ವಾಸನೆ ಎದ್ದು ಬಂತು. ಸೀಟಿನ ಮೇಲೆ ಇದ್ದದ್ದು ಒಂದು ಮರದ ತುಂಡು.

ಉಳಿದವರೆಲ್ಲ ಇಳಿದಾಗಿತ್ತು. ಟೊಪ್ಪಿ ಹಾಕಿದವರು, ಕಪ್ಪು ಕನ್ನಡಕದವರು, ದೂರದ ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಚಹಾದ ಪಾತ್ರೆಯ ಮುಚ್ಚಳ ತೆರೆದಿತ್ತು. ನಾನು ಇಳಿಯುವಂತಿರಲಿಲ್ಲ. ನನ್ನ ಅಂಬಾಸಿಡರಿನ ಹ್ಯಾಂಡ್ ಬ್ರೇಕು ಹಿಡಿಯುವುದಿಲ್ಲ. ಗೇರಿನಲ್ಲಿ ಹಾಕಿ ಎಂಜಿನ್ ನಿಲ್ಲಿಸಿದರೆ ಆಯಿತಲ್ಲ ಎನ್ನುತ್ತೀರಿ. ಸರಿಯೇ. ಆದರೆ ಏರು ಹತ್ತಿ ಬಿಸಿಯಾದ ಆ ಮುದಿ ಎಂಜಿನನ್ನು ಒಮ್ಮೆ ನಿಲ್ಲಿಸಿದರೆ ಪೂರ್ತಿ ತಣಿಯುವ ತನಕ ಅದು ಪುನಃ ಸ್ಟಾರ್ಟ್ ಆಗುವುದಿಲ್ಲ. ಅಷ್ಟರಲ್ಲಿ ಕಾರುಗಳ ಸಾಲು ಬೆಟ್ಟ ಇಳಿದಿರುತ್ತದೆ. ಹಾಗಾಗಿ ಯಾರಾದರೂ ಇಳಿದು, ಲಾರಿಯವರು ಮಾಡುವ ಹಾಗೆ, ಹಿಂದಿನ ಟಯರಿಗೆ ಮರದ ತುಂಡು ಅಡ್ಡ ಇಡಬೇಕು. ಆಮೇಲೆ ನಾನು ಕಾಲು ತೆಗೆಯಬಹುದು. ಇಷ್ಟು ವರ್ಷ ಹಾಗೆ ಇಳಿಯುತ್ತಿದ್ದವರು ಮೊಗ್ರಾಲಿನ ಅದ್ರಾಮಾಕ.

ನನ್ನದು ಕುಂಬಳೆಯಲ್ಲಿ ಸೀಟು ಹೊಲಿಯುವ ಅಂಗಡಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಸೂಜಿ ಹಿಡಿದವನು ನಾನು. ಬಸ್ಸು, ಜೀಪು, ಆಟೋ, ಮದುವೆ ಹಾಲಿನ ಕುರ್ಚಿ ಎಲ್ಲ ಸೇರಿಸಿದರೆ ಈ ಕಡೆಯ ಅರ್ಧ ಜನ ನಾನು ಹೊಲಿದದ್ದರ ಮೇಲೆಯೇ ಕೂರುವುದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರ ಹತ್ತಿರವೂ ಒಂದು ಉಪಕಾರ ಕೇಳಿದವನಲ್ಲ. ಬಾಯಾರಿದರೆ ನಾನೇ ಎದ್ದು ಹೋಗಿ ನೀರು ಕುಡಿಯುವವನು. ನನ್ನ ಹೆಂಡತಿ ಇದನ್ನು ಗುಣ ಎಂದು ಒಪ್ಪುವುದಿಲ್ಲ. "ಕೇಳಿದ್ರೆ ನಿಮ್ಮ ಬಾಯಿ ಸವೀತದಾ?" ಎನ್ನುತ್ತಾಳೆ.

ಅದ್ರಾಮಾಕ ನನಗಿಂತ ಹಿರಿಯರು. ಗಲ್ಫಿನಲ್ಲಿ ನೀರಿನ ಟ್ಯಾಂಕರ್ ಓಡಿಸಿ, ಸಾಕೆಂದು ಊರಿಗೆ ಮರಳಿದ್ದರು. ನನ್ನ ಅಂಗಡಿಗೆ ಬಂದದ್ದು ಸ್ಕೂಟರಿನ ಸೀಟು ಹೊಲಿಸಲಿಕ್ಕೆ. ಹೊಲಿದಾದ ಮೇಲೂ ಹೋಗದೆ, ಹೊರಗೆ ನಿಂತಿದ್ದ ನನ್ನ ಕಾರಿಗೆ ಒಂದು ಸುತ್ತು ಬಂದು ಕೇಳಿದರು:

"ಇದು ಓಡ್ತದಾ, ಅಲ್ಲ ಬೋರ್ಡಿಗೆ ಬದಲು ನಿಲ್ಲಿಸಿದ್ದಾ?"

ಮಂಜೇಶ್ವರದ ಒಬ್ಬ ಮುದುಕ ಡಾಕ್ಟರರಿಂದ ಕೊಂಡು, ಸ್ವಂತ ಕೈಯಿಂದ ಸೀಟು ಹೊಲಿದು, ದಿನಾ ಒರೆಸಿ ಇಟ್ಟ ಕಾರು ಅದು. ನನಗೆ ಸಿಟ್ಟು ಬಂತು. "ಹತ್ತಿ" ಎಂದೆ. ಆ ಸಿಟ್ಟಿನಲ್ಲೇ ಅನಂತಪುರದ ಏರಿನವರೆಗೆ ಹೋದೆವು. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಕಾರಿನ ಗುಣಗಾನ ಮಾಡುತ್ತ ನಿಂತಿದ್ದೆ. ಕಾರು ಮೆಲ್ಲಗೆ ನಮ್ಮನ್ನು ಬಿಟ್ಟು ಹಿಂದಕ್ಕೆ ಹೊರಟಿತು. ಅದ್ರಾಮಾಕ ಮುಂಡು ಎತ್ತಿ ಕಟ್ಟಿ ಓಡಿ ಒಂದು ಕೆಂಪುಕಲ್ಲು ಅಡ್ಡ ಹಾಕಿದರು. ಏದುಸಿರು ಬಿಡುತ್ತ ನನ್ನ ಮುಖ ನೋಡಿ, "ಓಡ್ತದೆ ಮಾರಾಯ, ಒಪ್ಪಿದೆ" ಎಂದರು.

ಮುಂದಿನ ವಾರ ಈ ಮರದ ತುಂಡು ತಂದರು. ಅವರ ತಂದೆಯ ಮುರಿದ ದೋಣಿಯಿಂದ ಕೊಯ್ದದ್ದು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಇಳಿಜಾರು. ದೋಣಿಗೆ ಹಚ್ಚುವ ಹಾಗೆಯೇ ಎಣ್ಣೆ ಹಚ್ಚಿದ್ದರು. "ಕಾರಿನಲ್ಲಿ ಮೀನು ಮಾರ್ಲಿಕ್ಕೆ ಹೋಗ್ತೀರಾ?" ಎಂದು ಮೂಗು ಮುಚ್ಚಿದ ನನ್ನ ಹೆಂಡತಿ ಆಮೇಲೆ ಆ ಕಾರು ಹತ್ತಲೇ ಇಲ್ಲ.

ಕೂಟಕ್ಕೆ ಸೇರಿದ್ದು ಅನಂತರ. ಮಂಗಳೂರಿನಿಂದ, ಕಣ್ಣೂರಿನಿಂದ ಹಳೇ ಕಾರುಗಳು ವರ್ಷಕ್ಕೊಮ್ಮೆ ಬೆಳಿಗ್ಗೆ ಕಾಸರಗೋಡಿನ ವಿದ್ಯಾನಗರದಲ್ಲಿ ಸೇರಿ, ಹೆದ್ದಾರಿ ಹಿಡಿದು, ಬಂದ್ಯೋಡಿನಲ್ಲಿ ಒಳಗೆ ತಿರುಗಿ, ಬೆಟ್ಟ ಹತ್ತಿ ಇಳಿಯುವುದು. ಮೊದಲ ವರ್ಷ ಕಾರ್ಯದರ್ಶಿಗಳು ಬಹಳ ವಿನಯದಿಂದ, ನನ್ನದು ವಿಂಟೇಜ್ ಅಲ್ಲ, ಕ್ಲಾಸಿಕ್ ಎಂದು ವಿವರಿಸಿದರು. ಅದ್ರಾಮಾಕ ನನ್ನ ಕಿವಿಯ ಹತ್ತಿರ, "ಹಳತು ಅಂತ ಹೇಳ್ಲಿಕ್ಕೆ ಇವ್ರಿಗೆ ಎಷ್ಟು ಹೆಸರು ಬೇಕು ಮಾರಾಯ?" ಎಂದರು.

ಎರಡನೇ ವರ್ಷದಿಂದ ಅವರು ವಿದ್ಯಾನಗರಕ್ಕೆ ಬರುವುದು ಬಿಟ್ಟರು. ದಾರಿಯಲ್ಲೇ ಸಿಗುವ ಮೊಗ್ರಾಲಿನಲ್ಲಿ ಹೆದ್ದಾರಿಯ ಬದಿಗೆ, ಟವೆಲಿನಲ್ಲಿ ಸುತ್ತಿದ ಮರದ ತುಂಡನ್ನು ಮಗುವಿನ ಹಾಗೆ ಎತ್ತಿಕೊಂಡು ಕಾಯುತ್ತಿದ್ದರು. ಅದನ್ನು ನನ್ನ ಮನೆಯಲ್ಲಿಡಲು ಅವರಿಗೆ ಧೈರ್ಯವಿರಲಿಲ್ಲ. "ನಿನ್ನಲ್ಲಿ ಗೆದ್ದಲು ತಿಂತದೆ." ಏರಿನಲ್ಲಿ ನಿಲ್ಲಿಸಿದಾಗ ನಾನು ಎರಡು ಸಲ ಚಿಕ್ಕದಾಗಿ ಹಾರ್ನ್ ಒತ್ತಬೇಕು. ಅವರು ಇಳಿದು ಮರ ಇಟ್ಟು, ಡಿಕ್ಕಿಯ ಮೇಲೆ ಕೈಯಿಂದ ಬಡಿದು, "ಕೂತಿತು. ಇಳಿ" ಎನ್ನಬೇಕು. ಆ ಎರಡು ಮಾತು ಕಿವಿಗೆ ಬೀಳದೆ ನಾನು ಕಾಲು ತೆಗೆಯುತ್ತಿರಲಿಲ್ಲ.

ಇಷ್ಟು ದೊಡ್ಡ ಡ್ರೈವರು ನನ್ನ ಸ್ಟೀರಿಂಗಿಗೆ ಒಮ್ಮೆಯೂ ಆಸೆಪಡಲಿಲ್ಲ. ಕೇಳಿದ್ದಕ್ಕೆ ಹೇಳಿದ್ದರು: "ಗಲ್ಫಿನಲ್ಲಿ ಎಂತ ಇತ್ತು? ಮುಂದೆ ಮರಳು, ಹಿಂದೆ ನೀರು, ನಡುವೆ ನಾನು. ಪಕ್ಕದ ಸೀಟು ಯಾವಾಗ್ಲೂ ಖಾಲಿ. ಈಗ ಪಕ್ಕದ ಸೀಟಿನಲ್ಲಿ ಕೂತು ನೋಡ್ತೇನೆ."

ಒಂದು ವರ್ಷ ನಾನು ಜಾಣನಾದೆ. ಕಾಸರಗೋಡಿನ ಒಬ್ಬ ಮೆಕ್ಯಾನಿಕ್ ಹ್ಯಾಂಡ್ ಬ್ರೇಕಿಗೆ ಹೊಸ ಕೇಬಲ್ ಹಾಕಿ ಸರಿ ಮಾಡಿಕೊಟ್ಟ. ಬೆಟ್ಟದ ಮೇಲೆ ಗತ್ತಿನಿಂದ ಎಳೆದೆ. ಕಾರು ಬಂಡೆಯ ಹಾಗೆ ನಿಂತಿತು. ಇಳಿದು, "ಬನ್ನಿ, ಚಹಾ" ಎಂದು ಕರೆದರೆ ಅದ್ರಾಮಾಕ ಹಿಂದಿನ ಟಯರಿನ ಹತ್ತಿರ ಮರ ಹಿಡಿದು ನಿಂತೇ ಇದ್ದರು. ಆಮೇಲೆ ಅದನ್ನು ಪುನಃ ಟವೆಲಿನಲ್ಲಿ ಸುತ್ತಿದರು. ಮರಳುವ ದಾರಿಯುದ್ದಕ್ಕೂ ಆ ಗಂಟು ಅವರ ಮಡಿಲಲ್ಲೇ ಇತ್ತು. ಮೊಗ್ರಾಲಿನಲ್ಲಿ ಇಳಿಯುವಾಗ ನಕ್ಕರು, ಆದರೆ ಅದು ನಗುವಲ್ಲ. "ಬರುವ ವರ್ಷ ಬೇರೆ ಯಾರನ್ನಾದ್ರೂ ಕರ್ಕೊ. ಸುಮ್ಮನೆ ಕೂತು ಬರ್ಲಿಕ್ಕೆ ನಾನೆಂತ ಮದುಮಗನಾ?"

ಕೆಲಸವಿಲ್ಲದ ಕಡೆ ಕೂರಲಾಗದ ಮನುಷ್ಯ ಹೇಗಿರುತ್ತಾನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಮರುವರ್ಷ ಕೂಟಕ್ಕೆ ಮೊದಲು ನಾನೇ ಸ್ಪ್ಯಾನರ್ ಹಿಡಿದು ಕಾರಿನ ಅಡಿಗೆ ಹೋಗಿ ಆ ಕೇಬಲನ್ನು ಸಡಿಲ ಮಾಡಿದೆ. ಹೆಂಡತಿ ಬಗ್ಗಿ ನೋಡಿ, "ಸರಿ ಮಾಡುದಾ?" ಎಂದಳು.

"ಹೌದು, ಸರಿ ಮಾಡುದು" ಎಂದೆ.

ಫೋನು ಮಾಡಿ, "ಅದ್ರಾಮಾಕ, ಬ್ರೇಕು ಪುನಃ ಹೋಯ್ತು" ಎಂದಾಗ ಆ ಕಡೆಯಿಂದ, "ನನಗೆ ಗೊತ್ತಿತ್ತು!" ಎಂದು ಬಂದ ಕೂಗಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಕೂಟದ ದಿನ ಕಾರು ಹತ್ತಿ ಕೂತವರು ಹ್ಯಾಂಡ್ ಬ್ರೇಕನ್ನು ಒಮ್ಮೆ ಎಳೆದು ನೋಡಿದರು. ಜೋಲುತ್ತ ಬಂತು. ಮರುಭೂಮಿಯ ನಡುವೆ ಸ್ವಂತ ಟ್ಯಾಂಕರ್ ಬಿಚ್ಚಿ ಜೋಡಿಸಿದವರಿಗೆ ಸವೆದ ಕೇಬಲ್ ಯಾವುದು, ಸಡಿಲ ಮಾಡಿದ್ದು ಯಾವುದು ಎಂದು ತಿಳಿಯದೆ ಇರುತ್ತದೆಯೆ? ನನ್ನ ಮುಖ ನೋಡಿದರು, ಮತ್ತೆ ರಸ್ತೆ ನೋಡಿದರು. "ಮೆಕ್ಯಾನಿಕ್ ಒಳ್ಳೆಯವನು" ಎಂದರು. ಅಷ್ಟೆ. ಆ ಕೇಬಲಿನ ಸುದ್ದಿ ನಮ್ಮ ನಡುವೆ ಮತ್ತೆ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಅದ್ರಾಮಾಕ ಎದೆನೋವು ಎಂದರಂತೆ. ನಾನು ತಲುಪುವಾಗ ಮುಗಿದಿತ್ತು. ಮಣ್ಣು ಮಾಡುವಾಗ ಮಸೀದಿಯ ಗೋಡೆಯ ಹತ್ತಿರ ಕೊಡೆ ಹಿಡಿದು ನಿಂತು ಬಂದೆ. ಕೆಲವು ದಿನ ಬಿಟ್ಟು ಹೋದಾಗ ಅವರ ಹೆಂಡತಿ ನಬೀಸಾ ಆ ಟವೆಲಿನ ಗಂಟನ್ನು ತಂದು ಕೊಟ್ಟರು. "ಮಳೆಗೆ ಮೊದ್ಲೇ ಎಣ್ಣೆ ಹಚ್ಚಿ ಇಟ್ಟಿದ್ರು. ಕಾರಿನದ್ದು ಕಾರಲ್ಲೇ ಇರ್ಲಿ."

ಈ ವರ್ಷ ಕೇಬಲ್ ಬಿಗಿ ಮಾಡಬಹುದಿತ್ತು. ಸ್ಪ್ಯಾನರ್ ಹಿಡಿದು ಕಾರಿನ ಅಡಿಗೆ ಹೋದದ್ದೂ ಹೌದು. ಸ್ವಲ್ಪ ಹೊತ್ತು ಮಲಗಿದ್ದು ಹಾಗೆಯೇ ಹೊರಗೆ ಬಂದೆ. ಬಿಗಿ ಮಾಡಿದರೆ ಆ ಮರ ಬರೇ ಸೌದೆ.

ವಿದ್ಯಾನಗರದಲ್ಲಿ ಕಾರ್ಯದರ್ಶಿಗಳು, "ಒಬ್ಬರೇ ಬಂದಿರಾ? ಯಾರನ್ನಾದ್ರೂ ಜೊತೆಗೆ ಕೂರಿಸ್ಲಾ?" ಎಂದರು. "ಬೇಡ, ಸೀಟಿನಲ್ಲಿ ಸಾಮಾನು ಉಂಟು" ಎಂದೆ. ಮೊಗ್ರಾಲಿನಲ್ಲಿ ಹೆದ್ದಾರಿ ಅಗಲವಾಗಿ, ಬದಿಗೆ ಗೋಡೆ ಎದ್ದು, ಅವರು ನಿಲ್ಲುತ್ತಿದ್ದ ಜಾಗ ಎಲ್ಲಿ ಎಂದೇ ಗೊತ್ತಾಗಲಿಲ್ಲ. ಆದರೂ ಕಾಲು ತಾನಾಗಿ ಆಕ್ಸಿಲರೇಟರ್ ಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು.

ಹೀಗೆ ಈ ಏರಿಗೆ ಬಂದು ತಲುಪಿದ್ದೆ. ಬ್ರೇಕ್ ಒತ್ತಿ ಹಿಡಿದ ಕಾಲಿನ ಮೀನಖಂಡ ಸೋಲಲು ಶುರುವಾಗಿತ್ತು. ನನಗೆ ತಿಳಿಯದೆಯೇ ಕೈ ಹೋಗಿ ಎರಡು ಸಲ ಚಿಕ್ಕದಾಗಿ ಹಾರ್ನ್ ಒತ್ತಿತು. ಮೇಲಿದ್ದವರಿಗೆ ಅದು ಹಬ್ಬದ ಉತ್ಸಾಹದ ಹಾಗೆ ಕೇಳಿಸಿರಬೇಕು. ಒಬ್ಬರು ತಮ್ಮ ಕಾರಿನ ಕಿಟಕಿಯೊಳಗೆ ಕೈ ಹಾಕಿ ಹಾರ್ನ್ ಒತ್ತಿದರು, ಇನ್ನೊಬ್ಬರು ರಬ್ಬರ್ ಬುಗ್ಗೆಯ ಹಾರ್ನ್ ಹಿಂಡಿದರು. ಬೆಟ್ಟವೆಲ್ಲ ಹಾರ್ನು, ನಗು, ಚಪ್ಪಾಳೆ. ಎಲ್ಲರೂ ನನ್ನ ಕಡೆ ಕೈ ಬೀಸಿದರು. ನಾನೂ ಬೀಸಿದೆ.

ಗದ್ದಲ ಅಡಗಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಹತ್ತಿರದಲ್ಲಿ ಇದ್ದವರು ಮಂಗಳೂರಿನ ಒಬ್ಬರು ಹಿರಿಯ ಹೆಂಗಸು, ಗಂಡನ ಜೊತೆ ನೀಲಿ ಕಾರಿನಲ್ಲಿ ಬಂದವರು. "ಅಮ್ಮಾ, ಒಂದು ಉಪಕಾರ ಆಗ್ಬೇಕಿತ್ತು" ಎಂದೆ. ಆ ಮಾತು ಬಾಯಿಂದ ಹೊರಡಲು ಕಾರಿಗೆ ಬೆಟ್ಟ ಹತ್ತಲು ಆದದ್ದಕ್ಕಿಂತ ಹೆಚ್ಚು ಕಷ್ಟವಾಯಿತು.

ಅವರು ಚಹಾದ ಲೋಟ ಕಲ್ಲಿನ ಮೇಲಿಟ್ಟು ಬಂದು, ನಾನು ತೋರಿಸಿದ ಮರವನ್ನು ಸೀಟಿನಿಂದ ಎತ್ತಿ ಮೂಸಿದರು. "ಇದೆಂತ, ಮೀನಿನ ವಾಸನೆ?"

"ಬೂತಾಯಿ ಎಣ್ಣೆ. ಮರ ಹಾಳಾಗುದಿಲ್ಲ. ಚಪ್ಪಟೆ ಬದಿ ನೆಲಕ್ಕೆ, ಇಳಿಜಾರು ಬದಿ ಟಯರಿಗೆ."

ಕನ್ನಡಿಯಲ್ಲಿ ಅವರು ಬಗ್ಗಿದ್ದು ಕಂಡಿತು. "ಇಟ್ಟೆ. ಬನ್ನಿ, ಚಹಾ ತಣೀತದೆ" ಎಂದು ಕೈ ಒರೆಸಿಕೊಳ್ಳುತ್ತ ಹೋದರು. ಮೆಲ್ಲಗೆ ಕಾಲು ಸಡಿಲಿಸಿದೆ. ಕಾರು ಒಂದಿಷ್ಟು ಹಿಂದೆ ಸರಿದು, ಮರವನ್ನು ಒತ್ತಿ, ನಿಂತಿತು.

ಕಾಲು ಬ್ರೇಕಿನ ಮೇಲೆಯೇ ತೂಗುತ್ತಿತ್ತು. ಡಿಕ್ಕಿಯ ಮೇಲೆ ಕೈ ಬೀಳಲಿಲ್ಲ. ಕಾದೆ. ಎಂಜಿನು ತನ್ನಷ್ಟಕ್ಕೆ ಗುರುಗುಡುತ್ತಿತ್ತು. ಕೊನೆಗೆ ಖಾಲಿಯಾದ ಎಡಗಡೆ ಸೀಟಿನ ಕಡೆ ತಿರುಗಿ, "ಕೂತಿತು" ಎಂದೆ. ಉಳಿದ ಒಂದು ಮಾತನ್ನೂ ನಾನೇ ಹೇಳಿಕೊಂಡು ಬಾಗಿಲು ತೆರೆದೆ.