ಅಂಬಿಕಾ ಬಾಯಿ ಬಿಟ್ಟ ದಿನ

ಕೊಪ್ಪದ ಬಸ್‌ಸ್ಟ್ಯಾಂಡಿನ ಆಟೋ ಸಾಲಿನಲ್ಲಿ ಹೆಣ್ಣುಮಗಳೆಂದರೆ ಅಂಬಿಕಾ ಒಬ್ಬಳೇ. ತುಂಬು ಬಸುರಿಯರು, ಸಂತೆ ಮುಗಿಸಿದ ಮುದುಕಿಯರು ಅವಳ ಆಟೋವನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೊದಲು ಘಟ್ಟದ ಕೆಳಗೆ ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳಂತೆ ಎಂದು ಊರು ನಂಬಿತ್ತು. ಕಾಫಿ ಎಸ್ಟೇಟಿನಲ್ಲಿ ಕೂಲಿ ಮಾಡುವ ಅಪ್ಪ ಭೈರಪ್ಪನಿಗೆ ಗೊತ್ತಿದ್ದದ್ದೂ ಅಷ್ಟೇ.

ನಿಜ ಬೇರೆ ಇತ್ತು. ಅವ್ವ ತೀರಿಕೊಂಡ ವರ್ಷ, ಅಂಬಿಕಾಳಿಗೆ ಹತ್ತೊಂಬತ್ತು ಇದ್ದಾಗ, ಯಮುನಮ್ಮ ಎಂಬ ಹೆಂಗಸು ಎಸ್ಟೇಟಿನ ಕೂಲಿಯವರ ಮನೆಸಾಲಿಗೆ, ಲೈನಿಗೆ, ಬಂದಿದ್ದಳು. ಹಣೆ ತುಂಬ ಕುಂಕುಮ, ಜೇನಿನಂಥ ಮಾತು. ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಎಂದಳು. ಅಂಬಿಕಾ ಹೋಗಿ ಸೇರಿದ್ದು ಒಂದು ಬಂದರು ಪಟ್ಟಣದ ಮೂರು ಮಹಡಿಯ ಕಟ್ಟಡಕ್ಕೆ. ಅಲ್ಲಿ ಮುದುಕಿ ಇರಲಿಲ್ಲ. ಇದ್ದದ್ದು ಅವಳಂತೆಯೇ ಮೋಸಹೋದ ಹುಡುಗಿಯರು, ಬಾಗಿಲು ಕಾಯುವ ಗಂಡಸರು, ಬಂದು ಹೋಗುವ ಗಂಡಸರು. ಫೋನು ಕಿತ್ತುಕೊಂಡರು; ಆಗೊಮ್ಮೆ ಈಗೊಮ್ಮೆ ಪಕ್ಕದಲ್ಲೇ ನಿಂತು, ‘ಚೆನ್ನಾಗಿದೀನಿ’ ಎಂದಷ್ಟೇ ಅಪ್ಪನಿಗೆ ಹೇಳಿಸುತ್ತಿದ್ದರು. ಹೆಸರನ್ನೂ ಕಿತ್ತುಕೊಂಡು ‘ಪೂಜಾ’ ಎಂದು ಕರೆದರು. ನಾಲ್ಕು ವರ್ಷ ಅವಳು ಪೂಜಾ ಆಗಿಯೇ ಉಳಿದಳು.

ಆ ಕಟ್ಟಡಕ್ಕೆ ವಾರಕ್ಕೊಮ್ಮೆ ಮಧ್ಯಾಹ್ನ ಇಬ್ಬರು ಮೂವರು ಹೆಂಗಸರು ಔಷಧಿಯ ಚೀಲ ಹಿಡಿದು ಬರುತ್ತಿದ್ದರು. ಚರ್ಚಿನ ಮಿಷನ್ನಿನವರು. ಜ್ವರಕ್ಕೆ ಬಿಟ್ಟಿ ಮಾತ್ರೆ ಸಿಗುತ್ತದೆಂದು ಮಾಲೀಕ ಅವರನ್ನು ತಡೆಯುತ್ತಿರಲಿಲ್ಲ. ಒಂದು ದಿನ ಅಂಬಿಕಾಳ ಕೈಮೇಲೆ ಬಿಸಿನೀರು ಬಿದ್ದು ಬೊಬ್ಬೆ ಎದ್ದಿತ್ತು. ಅವರಲ್ಲಿ ವಯಸ್ಸಾದಾಕೆ ಮುಲಾಮು ಹಚ್ಚುತ್ತಾ ತನ್ನಷ್ಟಕ್ಕೆ ತಾನೇ ಅಂದಳು: “ಅಯ್ಯೋ ಮಾರಾಯ್ತಿ, ಎಂತ ಮಾಡ್ಕಂಡಿದೀಯೆ ಇದು!”

ಅದು ತನ್ನ ಊರ ಕಡೆಯ ಮಾತು ಎಂದು ಅಂಬಿಕಾ ಥಟ್ಟನೆ ತಲೆಯೆತ್ತಿದಳು. “ನಿಮ್ದು ಯಾವೂರು?”

“ಎನ್.ಆರ್. ಪುರ. ನಿಂದು?”

“ಕೊಪ್ಪ,” ಎಂದಳು. ಆಮೇಲೆ ಕೇಳದೆಯೇ, “ನನ್ ಹೆಸ್ರು ಅಂಬಿಕಾ,” ಎಂದೂ ಹೇಳಿಬಿಟ್ಟಳು.

ಆಕೆಯ ಹೆಸರು ಏಲಿಯಮ್ಮ. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನರಸಿಂಹರಾಜಪುರದಲ್ಲಿ ಬೇರೂರಿದ ಮನೆತನ. ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಮಿಷನ್ನಿಗೆ ಸೇರಿಕೊಂಡಿದ್ದರು. ಅಂಬಿಕಾ ಒಮ್ಮೆ ಸಿಟ್ಟಿನಿಂದಲೇ ಕೇಳಿದಳು: “ನಮ್ಮನ್ನೆಲ್ಲ ನಿಮ್ ದೇವ್ರಿಗೆ ಸೇರಿಸ್ಕಳಕ್ಕೆ ಬರೋದಾ ನೀವು?”

ಏಲಿಯಮ್ಮ ನಕ್ಕರು. “ಅವನು ಹೋಗು ಅಂದ, ಅದಕ್ಕೆ ಬರ್ತೀನಿ. ಅದನ್ನ ಮುಚ್ಚಿಡಲ್ಲ. ನೀನು ಯಾರಿಗೆ ಕೈ ಮುಗೀಬೇಕು ಅಂತ ನಾನು ಹೇಳಲ್ಲ. ಈಗ ನಿಂಗೆ ಎಂತ ಆಗ್ಬೇಕು, ಅದು ಹೇಳು.”

“ನಂಗೆ ಇಲ್ಲಿಂದ ಹೋಗ್ಬೇಕು.”

ಮುಂದಿನ ವಾರ ಏಲಿಯಮ್ಮ ಬಂದಾಗ ಜೊತೆಗೆ ಪೊಲೀಸರಿದ್ದರು, ಮಿಷನ್ನಿನ ವಕೀಲರಿದ್ದರು. ಮಾಲೀಕ ಬಾಯಿಗೆ ಬಂದಂತೆ ಕೂಗಾಡುತ್ತಿದ್ದ. ಮೆಟ್ಟಿಲಿಳಿಯುವಾಗ ಅಂಬಿಕಾ ಅರ್ಧಕ್ಕೇ ಕುಳಿತುಬಿಟ್ಟಳು. ಏಲಿಯಮ್ಮ ರಟ್ಟೆ ಹಿಡಿದು ಎಬ್ಬಿಸಿದರು. ಮಾಲೀಕ ಜೈಲಿಗೆ ಹೋದ. ಯಮುನಮ್ಮ ಮಾತ್ರ ಫೋನ್ ನಂಬರ್ ಬದಲಿಸಿ ಯಾರ ಕೈಗೂ ಸಿಗದೆ ಮಾಯವಾದಳು.

ಏಲಿಯಮ್ಮ ಅವಳನ್ನು ತಮ್ಮೂರಿಗೇ ಕರೆತಂದರು. ಎನ್.ಆರ್. ಪುರದ ಚರ್ಚಿನ ಹಿಂದಿನ ಮಿಷನ್ ಮನೆಯಲ್ಲಿ ಅಂಬಿಕಾ ಮೊದಲ ತಿಂಗಳುಗಳನ್ನು ನಿದ್ದೆಯಲ್ಲೇ ಕಳೆದಳು. ಹೊಲಿಗೆ ಕಲಿಸಲು ಕೂರಿಸಿದರು. ಸೂಜಿ ಮುರಿದದ್ದೇ ಬಂತು. ಕೊನೆಗೆ ಮಿಷನ್ನಿನ ಜೀಪು ಓಡಿಸುವ ಸುಬ್ರಾಯ, “ಇವಳ ಕೈ ಸೂಜಿಗಲ್ಲ, ಹ್ಯಾಂಡಲ್ಲಿಗೇ ಸರಿ,” ಎಂದು ಒಂದು ಹಳೇ ಆಟೋದಲ್ಲಿ ಕಲಿಸತೊಡಗಿದ. ಮೊದಲ ದಿನವೇ ಆಟೋ ಕೋಳಿಗೂಡಿಗೆ ನುಗ್ಗಿತು. ಕೋಳಿಗಳೆಲ್ಲ ಚರ್ಚಿನೊಳಗೆ ಓಡಿದವು. ಎಷ್ಟೋ ಕಾಲದ ಮೇಲೆ ಅಂಬಿಕಾ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಂದೇ. ಲೈಸೆನ್ಸ್ ಕೈಗೆ ಬಂದ ಮೇಲೆ, “ನಮ್ಮೂರಲ್ಲೇ ಓಡಿಸ್ತೀನಿ,” ಎಂದು ಹಟ ಹಿಡಿದು ಕೊಪ್ಪಕ್ಕೆ ಬಂದಳು. ಆ ಮುದುಕಿ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ ಎಂದು ಅಪ್ಪನಿಗೆ ಹೇಳಿದಳು; ನಿಜವನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಏಲಿಯಮ್ಮ ಒತ್ತಾಯಿಸಲೂ ಇಲ್ಲ.

ಆಮೇಲೊಂದು ಸೋಮವಾರ ಬೆಳಿಗ್ಗೆ, ಘಟ್ಟ ಇಳಿಯುವ ಬಸ್ಸಿನ ಬಳಿ ಅವಳಿಗೆ ಯಮುನಮ್ಮ ಕಂಡಳು. ಅದೇ ಕುಂಕುಮ, ಅದೇ ನಗು. ಜೊತೆಯಲ್ಲಿ ಹೊಸ ಚೂಡಿದಾರ ತೊಟ್ಟ ಇಬ್ಬರು ಹುಡುಗಿಯರು. ಅಂಬಿಕಾ ಆಟೋದ ಮರೆಗೆ ಸರಿದು ಏಲಿಯಮ್ಮನಿಗೆ ಫೋನು ಮಾಡಿದಳು.

“ಪೊಲೀಸ್ರಿಗೆ ಈಗ್ಲೇ ಹೇಳ್ತೀನಿ. ನೀನು ಮುಂದೆ ಹೋಗ್ಬೇಡ ಕೂಸೇ, ಊರಿಗೆಲ್ಲ ಗೊತ್ತಾಗ್ತದೆ.”

ಅಷ್ಟರಲ್ಲಿ ಮೂವರೂ ಬಸ್ಸು ಹತ್ತಿದರು. ಕಂಡಕ್ಟರು ಸೀಟಿ ಊದಿದ. ಅಂಬಿಕಾ ಆಟೋವನ್ನು ನೇರ ಬಸ್ಸಿನ ಮೂತಿಗೆ ಅಡ್ಡ ತಂದು ನಿಲ್ಲಿಸಿದಳು.

“ಎಂತದೇ ಇದು, ತಲೆ ಕೆಟ್ಟಿದ್ಯಾ?” ಡ್ರೈವರ್ ಗೋವಿಂದ ಕೂಗಿದ. ಅವಳು ಉತ್ತರಿಸದೆ ಬಸ್ಸು ಹತ್ತಿ ಹುಡುಗಿಯರ ಸೀಟಿನ ಮುಂದೆ ನಿಂತಳು. “ಇಳೀರಿ. ಇವಳ ಜೊತೆ ಹೋಗ್ಬೇಡಿ.”

“ಯಾರಮ್ಮ ನೀನು? ನಂಗೆ ಗುರ್ತೇ ಇಲ್ಲ,” ಎಂದಳು ಯಮುನಮ್ಮ ತಣ್ಣಗೆ. ಬಸ್ಸಿನವರು ಗೊಣಗಿದರು. ಬಾಗಿಲಲ್ಲಿ ಜನ ಸೇರಿದರು. ಸುಮ್ಮನೆ ‘ಇವಳು ಕೆಟ್ಟವಳು’ ಎಂದರೆ ಯಾರೂ ನಂಬುವುದಿಲ್ಲ ಎಂದು ಅಂಬಿಕಾಳಿಗೆ ಅರ್ಥವಾಯಿತು.

“ನಾನು ಭೈರಪ್ಪನ ಮಗಳು ಅಂಬಿಕಾ,” ಎಂದಳು, ಇಡೀ ಬಸ್ಸಿಗೆ ಕೇಳುವಂತೆ. “ನಾನು ಆಸ್ಪತ್ರೆಲಿ ಆಯಾ ಆಗಿರ್ಲಿಲ್ಲ. ಇವಳು ನನ್ನನ್ನ ಕರ್ಕಂಡು ಹೋಗಿ ಸೂಳೆಗಾರಿಕೆ ಮನೆಗೆ ಮಾರಿದ್ಲು. ನಾಲ್ಕು ವರ್ಷ ಅಲ್ಲಿ ಕೂಡಿಹಾಕಿದ್ರು. ಮುದುಕಿ ನೋಡ್ಕಳ ಕೆಲ್ಸ ಅಂತ ಹೇಳಿದ್ಲು ನಂಗೆ.”

ಹುಡುಗಿಯರಲ್ಲಿ ದೊಡ್ಡವಳು ಬಿಳಿಚಿಕೊಂಡು ಎದ್ದು ನಿಂತಳು. “ಅಕ್ಕ, ನಮ್ಗೂ ಅದೇ ಕೆಲ್ಸ ಅಂದಿದಾರೆ.”

ಗೋವಿಂದ ಇಂಜಿನ್ ಬಂದ್ ಮಾಡಿದ. ಯಮುನಮ್ಮ ಹಿಂದಿನ ಬಾಗಿಲಿಗೆ ನುಗ್ಗಿದಳು. ಅಲ್ಲಿ ಹೂ ಮಾರುವ ಶಾಂತಕ್ಕ ಬುಟ್ಟಿ ಕೆಳಗಿಟ್ಟು, ಎರಡೂ ಕೈ ಚಾಚಿ ನಿಂತಿದ್ದಳು. “ಎಲ್ಲಿಗೆ ಹೊಂಟೆ ತಾಯಿ? ಪೊಲೀಸ್ರು ಬರ್ಲಿ, ಕೂತ್ಕ.” ಪೊಲೀಸರು ಬರುವತನಕ ಒಬ್ಬ ಪ್ರಯಾಣಿಕನೂ ಹೊತ್ತಾಯಿತೆಂದು ದೂರಲಿಲ್ಲ.

ಅಡ್ಡಗದ್ದೆ ಕಡೆಯ ಅಕ್ಕತಂಗಿಯರಾದ ಆ ಹುಡುಗಿಯರು ಸಂಜೆಯೊಳಗೆ ಮನೆ ಸೇರಿದರು. ಅಂಬಿಕಾ ತನ್ನ ಬಾಡಿಗೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಪ್ಪನ ಮುಖ ಹೇಗೆ ನೋಡುವುದು?

ಮರುದಿನ ಬೆಳಿಗ್ಗೆ ಭೈರಪ್ಪ ಎಸ್ಟೇಟಿನಿಂದ ನಡೆದೇ ಬಂದಿದ್ದ. ಅವಳು ಚಿಲಕ ತೆಗೆದಾಗ ಹೊಸ್ತಿಲಲ್ಲೇ ನಿಂತಿದ್ದ.

“ಆ ಹೆಂಗ್ಸಿಗೆ ನನ್ ಕೈಯಾರೆ ಕಾಫಿ ಕೊಟ್ಟಿದ್ದೆ,” ಎಂದ. “ನಂಗೆ ಯಾಕೆ ಹೇಳ್ಲಿಲ್ಲ ಮಗಾ?”

“ನೀನು ತಡ್ಕಳಲ್ಲ ಅಂತ ಹೆದ್ರಿದ್ದೆ ಅಪ್ಪಾ.”

“ನೀನೇ ತಡ್ಕಂಡಿದೀಯ. ನಾನು ತಡ್ಕಳಲ್ವಾ?” ಕಣ್ಣೊರೆಸಿಕೊಂಡು ತಲೆಗೆ ವಲ್ಲಿ ಸುತ್ತಿದ. “ಆಟೋ ತೆಗಿ. ಪೇಟೆಗೆ ಹೋಗಣ.”

ಪೇಟೆಯಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. “ನಿಧಾನ ಹೋಗು,” ಎನ್ನುತ್ತಾ ಮೇನ್ ರೋಡಿನುದ್ದಕ್ಕೂ ಎದೆ ಸೆಟೆಸಿ ಕುಳಿತ. ಹೋಟೆಲಿನ ಮುಂದೆ ನಿಲ್ಲಿಸಲು ಹೇಳಿ, ನೋಡುತ್ತಿದ್ದವರಿಗೆಲ್ಲ ಕೇಳುವಂತೆ ಕೂಗಿದ: “ನನ್ ಮಗಳು! ನಿನ್ನೆ ಬಸ್ಸು ನಿಲ್ಸಿದವಳು ಇವಳೇ!”

ಕೆಲವರು ಅವಳ ಆಟೋ ಹತ್ತುವುದನ್ನು ಬಿಟ್ಟರು. ಮಿಷನ್ನಿನವರು ಜಾತಿ ಕೆಡಿಸಿದ್ದಾರೆ ಎಂದೂ ಪಿಸುಗುಟ್ಟಿದರು. ಆದರೆ ಶಾಂತಕ್ಕ ಅಂದಿನಿಂದ ಬೇರೆ ಆಟೋ ಹತ್ತಲಿಲ್ಲ. ಎಸ್ಟೇಟ್ ಲೈನುಗಳಲ್ಲಿ ಹೆಣ್ಣುಮಕ್ಕಳಿಗೆ ಹೊರಗೆ ಕೆಲಸ ಕೊಡಿಸುತ್ತೇವೆಂದು ಯಾರು ಬಂದರೂ, ತಾಯಂದಿರು ಮೊದಲು ಅಂಬಿಕಾಳಿಗೆ ಫೋನು ಮಾಡತೊಡಗಿದರು.

ಕೇಸು ಎರಡು ವರ್ಷ ನಡೆಯಿತು. ಅಂಬಿಕಾ ಕಟಕಟೆಯಲ್ಲಿ ನಿಂತು ಯಮುನಮ್ಮನ ಕಣ್ಣಲ್ಲಿ ಕಣ್ಣಿಟ್ಟು ಎಲ್ಲವನ್ನೂ ಹೇಳಿದಳು. ಹತ್ತು ವರ್ಷ ಜೈಲು ಎಂದು ನ್ಯಾಯಾಧೀಶರು ಓದಿದ ಕೂಡಲೇ, ಹಿಂದಿನ ಬೆಂಚಿನಲ್ಲಿದ್ದ ಏಲಿಯಮ್ಮ ಎರಡೂ ಕೈ ಎತ್ತಿ “ದೇವರಿಗೆ ಸ್ತೋತ್ರ!” ಎಂದು ಕೂಗಿಬಿಟ್ಟರು. ಪಕ್ಕದಲ್ಲಿದ್ದ ಭೈರಪ್ಪ, “ಶಾರದಮ್ಮ ತಾಯಿ!” ಎಂದು ಅದಕ್ಕಿಂತ ಜೋರಾಗಿ ಕೂಗಿದ. ಜವಾನ ಇಬ್ಬರನ್ನೂ ಗದರಿಸಿ ಹೊರಗೆ ಕಳಿಸಿದ. ಅಂಬಿಕಾ ನಗು ತಡೆಯಲಾರದೆ, ಸೆರಗನ್ನು ಬಾಯಿಗೊತ್ತಿಕೊಂಡು ಅವರ ಹಿಂದೆಯೇ ಬಿಸಿಲಿಗೆ ಓಡಿದಳು.