ವಿಮಾನಕ್ಕಿಂತ ಮೊದಲು ಹೊರಡುವ ಸೈಕಲ್ಲು

ನಾಗಪುರದ ಕಳಮನಾ ಮಾರ್ಕೆಟ್ಟಿನಲ್ಲಿ ಬೆಳಗಿನ ಐದು ಗಂಟೆ. ಕಿತ್ತಳೆ ತುಂಬಿದ ಲಾರಿಗಳು ಒಂದರ ಹಿಂದೆ ಒಂದು ನಿಂತಿವೆ, ಹಮಾಲರು ನಿಂತಲ್ಲೇ ಚಹಾ ಕುಡಿಯುತ್ತಿದ್ದಾರೆ. ಅವರ ನಡುವೆ ಗಂಟೆ ಬಾರಿಸುತ್ತ ಒಂದು ಸೈಕಲ್ಲು ನುಗ್ಗುತ್ತದೆ. ಸವಾರರ ತಲೆಗೆ ಮಫ್ಲರು, ಹೆಗಲಿಗೆ ಖಾಕಿ ಚೀಲ. ಅಡತಿ ವ್ಯಾಪಾರಿ ವಾಮನರಾವ್ ದೂರದಿಂದಲೇ ಕೂಗು ಹಾಕುತ್ತಾರೆ.

“ಬಂದ ನೋಡ್ರಿ ನಮ್ಮ ಶನಿ! ಏನೋ ಕಾಶೀನಾಥ, ಮತ್ತ ಟಿಕೀಟಿನ ದರ ಏರಿಸಿದ್ರೇನು? ನಿಮ್ಮ ದರ ಅಷ್ಟ ಮ್ಯಾಲ ಹೋಗತೈತಿ, ವಿಮಾನ ನೆಲಾ ಬಿಡಂಗಿಲ್ಲ!”

“ದರದ ಸುದ್ದಿ ಅಲ್ರಿ ಸಾವಕಾರ್ರ. ಇವತ್ತ ವಿಮಾನ ಜಲ್ದಿ ಐತಿ. ನಡುವಿನ ಊರಾಗ ಇಳಿಯಂಗಿಲ್ಲಂತ. ಎಂಟೂವರಿಗೆ ಹಾರತೈತಿ, ಏಳೂವರಿಗೆ ನೀವು ಕೌಂಟರಿನ ಮುಂದ ಇರಬೇಕು.”

“ಆತು, ನಡಿ.”

ಕಾಶೀನಾಥರು ನಡೆಯುವುದಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿದು ಅಲ್ಲೇ ನಿಲ್ಲುತ್ತಾರೆ. “ಹೇಳ್ರಿ ನೋಡೂಣು, ಎಷ್ಟಕ್ಕ?”

“ನಾ ಏನು ಒಂದನೇ ಇಯತ್ತೆ ಹುಡುಗನೇನೋ?”

“ಹೇಳ್ರಲ್ಲ.”

ಹಮಾಲರು ನಗುತ್ತಾರೆ. ವಾಮನರಾವ್ ಕೈ ಮುಗಿದು ಒಪ್ಪಿಸುತ್ತಾರೆ: “ಏಳೂವರಿಗೆ ಕೌಂಟರ್, ಎಂಟೂವರಿಗೆ ವಿಮಾನ. ಆತೇನಪಾ ಮಾಸ್ತರ?” ಆಮೇಲೆ ಕಾಶೀನಾಥರು ಚೀಲದಿಂದ ತೆಗೆದು ಹಿಡಿದ ರಿಜಿಸ್ಟರಿನಲ್ಲಿ ಅದೇ ಹೊತ್ತನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕುತ್ತಾರೆ. ಆಗ ಮಾತ್ರ ಸೈಕಲ್ಲು ಮುಂದಕ್ಕೆ.

ನಾಗಪುರದಿಂದ ವಿಮಾನ ಹತ್ತುವವರಲ್ಲಿ ಮನೆಗೆ ಫೋನು ಇಲ್ಲದವರು ಬಹಳ. ದೊಡ್ಡ ಊರಿನಲ್ಲಿ ಯಾರೋ ವೇಳಾಪಟ್ಟಿ ತಿದ್ದುತ್ತಾರೆ, ದಾರಿಯಲ್ಲೊಂದು ಊರು ಸೇರಿಸುತ್ತಾರೆ, ಇನ್ನೊಂದು ಬಿಡುತ್ತಾರೆ. ಸಂಜೆ ಆ ಸುದ್ದಿ ಊರೊಳಗಿನ ವಿಮಾನ ಕಂಪನಿಯ ಬುಕಿಂಗ್ ಆಫೀಸಿನ ಟೆಲಿಪ್ರಿಂಟರಿನಲ್ಲಿ ಟಕಟಕ ಬಂದು ಬೀಳುತ್ತದೆ. ಅಲ್ಲಿಂದ ಮುಂದೆ ಅದು ವಿಮಾನ ನಿಲ್ದಾಣವಿರುವ ಸೋನೆಗಾಂವ್‌ನಿಂದ ಹಾರುವವರ ಮನೆ ಬಾಗಿಲು ಮುಟ್ಟಬೇಕಾದರೆ ಆಫೀಸಿನ ಜವಾನ ಕಾಶೀನಾಥರ ಕಾಲೇ ಗತಿ. ತಿಂಗಳಿಗೆ ಏನಿಲ್ಲವೆಂದರೂ ಹೊಸ ಹೊತ್ತು ಬರೆದ ತೊಂಬತ್ತು ಚೀಟಿ. ಕೆಲವು ದಿನ ನಲವತ್ತು ಕಿಲೋಮೀಟರ್ ತುಳಿತ. ವರ್ಷಕ್ಕೆ ಎರಡು ಜೊತೆ ಟೈರು.

ಹುಟ್ಟೂರು ಬಿಜಾಪುರ ಜಿಲ್ಲೆಯ ಇಂಡಿ. ಅಪ್ಪ ರೈಲ್ವೆಯಲ್ಲಿದ್ದರು, ವರ್ಗವಾಗಿ ಇಲ್ಲಿಗೆ ಬಂದಾಗ ಕಾಶೀನಾಥರಿಗೆ ಒಂಬತ್ತು ವರ್ಷ. ಈಗ ನಲವತ್ತೇಳು. ಅಜನಿಯ ಎರಡು ಕೋಣೆಯ ಮನೆ, ಹೆಂಡತಿ ಯಲ್ಲಮ್ಮ, ಕನ್ನಡ ಮಾತಾಡಿದರೆ ಮರಾಠಿಯಲ್ಲಿ ಉತ್ತರ ಕೊಡುವ ಇಬ್ಬರು ಹೆಣ್ಣುಮಕ್ಕಳು. ವಿಮಾನದಲ್ಲಿ ಕೂತಿದ್ದೀರಾ ಎಂದು ಯಾರಾದರೂ ಕೇಳಿದರೆ ಅವರಿಗೆ ನಗು. “ಕೂತು ನಾ ಎಲ್ಲಿಗೆ ಹೋಗ್ಲಿರಿ? ಚೀಟಿ ಇರೋದೆಲ್ಲ ಇದ ಊರಾಗ.”

ಇವತ್ತು ಚೀಟಿ ಮೂರೇ. ಕೋರಾಡಿ ಕಾಲೊನಿಯದನ್ನು ನಿನ್ನೆ ರಾತ್ರಿಯೇ ಕಡೆಯ ಬಸ್ಸಿಗೆ ಹೋಗಿ ಮುಟ್ಟಿಸಿದ್ದಾರೆ. ವಾಮನರಾಯರದು ಈಗ ಆಯಿತು. ಚೀಲದಲ್ಲಿ ಉಳಿದಿರುವುದು ಕಾಮಠಿಯ ಚೀಟಿ, ಮೇಜರ್ ಉತ್ತಪ್ಪನವರ ಪತ್ನಿ ದೇಚಮ್ಮನವರ ಹೆಸರಿನದು. ದಂಡಿನ ಮನೆಯಲ್ಲಿ ಫೋನಿದೆ, ಆದರೆ ಅದು ದಂಡಿನೊಳಗೆ ಮಾತ್ರ ಮಾತಾಡುತ್ತದೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ದೂರದ ಈ ಮನೆಗೇ ಮೊದಲು ಹೋಗಬೇಕಿತ್ತು.

“ಕಾಲು ಏಳಲಿಲ್ರಿ,” ಎಂದು ಪತ್ರಿಕೆಗೆ ಬರೆಯಲು ಜೊತೆಗಿರುವ ನಮಗೆ ಹೇಳುತ್ತಾರೆ ಕಾಶೀನಾಥರು. ಏಳದಿರುವುದಕ್ಕೆ ಕಾರಣ ಎರಡು ವರ್ಷ ಹಳೆಯದು.

ಅದೂ ಚಳಿಗಾಲವೇ. ಅವತ್ತೂ ವಿಮಾನ ಮುಂಚೆ ಹೊರಡುವುದಿತ್ತು. ವಿಮಾನವೆಂದರೆ ತಡವಾಗುವುದೇ ಹೊರತು ಮೊದಲು ಹೋಗುವುದುಂಟೇ ಎಂದು ಪ್ರಯಾಣಿಕರೂ ನಂಬಿದ್ದ ಕಾಲ, ಕಾಶೀನಾಥರೂ ಅರ್ಧ ನಂಬಿದ್ದರು. ದೇಚಮ್ಮನವರ ಮನೆಯ ಕದ ತಟ್ಟಿದರು. ಬಚ್ಚಲಲ್ಲಿ ನೀರಿನ ಸದ್ದು, ಯಾರೂ ಬರಲಿಲ್ಲ. ಕೈಯಲ್ಲಿ ಇನ್ನೂ ನಾಲ್ಕು ಚೀಟಿ. ಮೆಟ್ಟಿಲ ಮೇಲೆ ಹಾಲಿಗೆಂದು ಇಟ್ಟ ಪಾತ್ರೆಯ ಕೆಳಗೆ ಚೀಟಿ ಸಿಕ್ಕಿಸಿ, ರಿಜಿಸ್ಟರಿನಲ್ಲಿ ‘ಕೈಗೆ ಕೊಟ್ಟಿದೆ’ ಎಂದು ಬರೆದು ಸೈಕಲ್ಲು ಹತ್ತಿದರು.

ದೇಚಮ್ಮ ಸೋನೆಗಾಂವ್ ಮುಟ್ಟಿದಾಗ ಬೆಂಗಳೂರಿನತ್ತ ಹೋಗುವ ವಿಮಾನ ರನ್‌ವೇ ಮೇಲೆ ಓಡುತ್ತಿತ್ತು. ಮುಂದಿನ ವಿಮಾನ ಎರಡು ದಿನಕ್ಕೆ. ವಿರಾಜಪೇಟೆಯಲ್ಲಿ ಹಾಸಿಗೆ ಹಿಡಿದಿದ್ದ ಅವರ ತಂದೆ ಅಷ್ಟು ಕಾಯಲಿಲ್ಲ. ನನಗೆ ಯಾರೂ ಹೇಳಲಿಲ್ಲ ಎಂದು ಆಕೆ ಅತ್ತು ಕೇಳಿದ್ದಕ್ಕೆ ಬುಕಿಂಗ್ ಆಫೀಸಿನವರು ರಿಜಿಸ್ಟರ್ ತೆರೆದು ತೋರಿಸಿದರಂತೆ. ಕೈಗೆ ಕೊಟ್ಟಿದೆ, ನೋಡಿ. ನೀವೇ ಮರೆತಿರಬೇಕು.

“ಅವತ್ತ ನಾ ಅಲ್ಲೇ ನಿಂತಿದ್ದೆರಿ, ಕಂಬದ ಹಿಂದ. ಬಾಯಿ ತಗೀಲಿಲ್ಲ. ನೌಕರಿ ಹೋಗತೈತಿ ಅಂತ.” ಹೊತ್ತನ್ನು ಬಾಯಿಂದ ಹೇಳಿಸುವುದು, ಕೈಯಿಂದ ಬರೆಸುವುದು ಶುರುವಾದದ್ದು ಅದರ ಮರುದಿನದಿಂದ. ಆಫೀಸು ಹೇಳಿ ಮಾಡಿಸಿದ್ದಲ್ಲ.

ನಿನ್ನೆ ಸಂಜೆ ಪಟ್ಟಿಯಲ್ಲಿ ದೇಚಮ್ಮನ ಹೆಸರು ಕಂಡಾಗ ಕಾಶೀನಾಥರು ಹಳೆಯ ಪುಟ ಹುಡುಕಿ, ‘ಕೈಗೆ ಕೊಟ್ಟಿದೆ’ ಎಂಬುದಕ್ಕೆ ಗೀಟು ಎಳೆದಿದ್ದಾರೆ. ಪಕ್ಕದಲ್ಲಿ ‘ಕೊಟ್ಟಿಲ್ಲ, ಹಾಲಿನ ಪಾತ್ರೆಯ ಕೆಳಗೆ ಇಟ್ಟಿದ್ದೆ’ ಎಂದು ಬರೆದು ಸಹಿ ಮಾಡಿದ್ದಾರೆ. ಮೇಲಧಿಕಾರಿ ನರಹರಿ, ಮೈಸೂರಿನವರು, ತಲೆ ಚಚ್ಚಿಕೊಂಡರು. “ಏನ್ರೀ ಇದು? ಸೋಮವಾರ ತಪಾಸಣೆಗೆ ಬರ್ತಾರೆ. ನಿಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ಕೋತೀರಾ?” ಯಲ್ಲಮ್ಮನಿಗೂ ನಿದ್ದೆಯಿಲ್ಲ. “ಎರಡು ಹುಡುಗ್ಯಾರ ಅದಾವ ಅನ್ನೋದು ನೆನಪಿರ್ಲಿ” ಎಂದಷ್ಟೇ ಅಂದು ಬುತ್ತಿ ಕಟ್ಟಿ ಕೊಟ್ಟರು.

ಐದೂಮುಕ್ಕಾಲಿಗೆ ಕಾಮಠಿ. ಈ ಸಲ ಎರಡನೇ ತಟ್ಟಿಗೇ ಕದ ತೆರೆಯುತ್ತದೆ. ದೇಚಮ್ಮ ಶಾಲು ಹೊದ್ದು ನಿಂತಿದ್ದಾರೆ. ತಾಯಿಗೆ ಆಪರೇಷನ್ ಇದೆ, ನಾಳೆ.

“ಬಾಯಾರ, ವಿಮಾನ ಜಲ್ದಿ ಐತಿ. ಏಳೂವರಿಗೆ ಕೌಂಟರು, ಎಂಟೂವರಿಗೆ ವಿಮಾನ.” ಮಾಮೂಲಿನಂತೆ ‘ಹೇಳ್ರಿ ನೋಡೂಣು’ ಅನ್ನಬೇಕು. ಅದರ ಬದಲು ಹಳೆಯ ಪುಟ ತೆರೆದು ಮುಂದೆ ಹಿಡಿಯುತ್ತಾರೆ. “ಅವತ್ತ ಬರದಾಂವ ನಾನ ರಿ.”

ದೇಚಮ್ಮ ದೀಪದ ಕೆಳಗೆ ಹೋಗಿ ಓದುತ್ತಾರೆ. ಒಂದು ಸಲ, ಇನ್ನೊಂದು ಸಲ.

“ಆ ಚೀಟಿ ಸಂಜೆ ಅಡುಗೆಮನೇಲಿ ಸಿಕ್ತು ನಂಗೆ,” ಎನ್ನುತ್ತಾರೆ. “ಹಾಲಲ್ಲಿ ನೆನೆದು ಮುದ್ದೆ ಆಗಿತ್ತು. ತಗೊಂಡು ಬಂದು ನಿಮ್ಮೋರ ಮುಂದೆ ಎಸೆಯೋಣ ಅಂದ್ಕೊಂಡೆ. ಅಷ್ಟ್ರಲ್ಲಿ ಊರಿಂದ ತಂತಿ ಬಂತು.”

“ತಪ್ಪಾತ್ರಿ.”

“ಅಪ್ಪನ್ನ ನೋಡೋಕಾಗ್ಲಿಲ್ಲ, ಅದು ನಿಮ್ಮ ಗೀಟಿಂದ ಸರಿ ಹೋಗಲ್ಲ ಕಾಶೀನಾಥ್. ಆದ್ರೆ ನನ್ನ ಗಂಡನೂ ಕೇಳಿದ್ರು, ನೀನೇ ಮರೆತ್ಯೇನೋ ಅಂತ. ಚೀಟಿ ಮನೇಲೇ ಸಿಕ್ಕಿತ್ತಲ್ಲ, ಎರಡು ವರ್ಷದಲ್ಲಿ ನಂಗೂ ನಾನೇ ಕೈಲಿ ಇಸ್ಕೊಂಡು ಮರೆತೆನೇನೋ ಅನ್ನಿಸೋಕೆ ಶುರುವಾಗಿತ್ತು.” ಪುಸ್ತಕ ಹಿಡಿದುಕೊಂಡೇ ಒಳಗೆ ತಿರುಗಿ ಕರೆಯುತ್ತಾರೆ: “ಏನ್ರೀ, ಒಂಚೂರು ಬನ್ನಿ ಇಲ್ಲಿ. ಇದನ್ನ ಓದಿ.”

ಮೇಜರು ಕನ್ನಡಕ ಹಾಕಿಕೊಂಡು ಓದುತ್ತಾರೆ. ಹೆಂಡತಿಯ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಜೀಪಿನಲ್ಲಿಡಲು ತಾವೇ ಹೊರಡುತ್ತಾರೆ. ದೇಚಮ್ಮ ಇವತ್ತಿನ ಪುಟಕ್ಕೆ ಸಹಿ ಹಾಕುತ್ತಾರೆ, ಕೇಳುವ ಮೊದಲೇ ಹೇಳುತ್ತಾರೆ: “ಏಳೂವರೆಗೆ ಕೌಂಟರ್, ಎಂಟೂವರೆಗೆ ವಿಮಾನ. ಸರಿಯಾ?”

“ಬರೋಬರ್ ರಿ ಬಾಯಾರ.”

ಒಂಬತ್ತಕ್ಕೆ ಬುಕಿಂಗ್ ಆಫೀಸು. ನರಹರಿ ಸೋನೆಗಾಂವ್‌ಗೆ ಫೋನು ಹಚ್ಚಿ ಕೇಳುತ್ತಾರೆ, ಕೆಳಗಿಟ್ಟು ಹೇಳುತ್ತಾರೆ: “ಮೂವರೂ ಹತ್ತಿದ್ದಾರಂತೆ. ವಾಮನರಾಯರು ಅಲ್ಲೂ ನಿಮ್ಮನ್ನ ಬೈದರಂತೆ.” ಆಮೇಲೆ ದನಿ ತಗ್ಗಿಸಿ, “ಆ ಪುಟ ಅಂಟಿಸಿಬಿಡೋಣವೇನ್ರೀ? ಗೋಂದು ಇದೆ. ಸೋಮವಾರ ಯಾರಿಗೂ ಕಾಣಲ್ಲ.”

ಕಾಶೀನಾಥರು ಬುತ್ತಿ ಬಿಚ್ಚುತ್ತ ಬೇಡವೆಂದು ತಲೆಯಾಡಿಸುತ್ತಾರೆ. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ನಡೆದೀತೇ ಎಂದು ನಾವು ಕೇಳಿದರೆ, ಬರಲಿ ಎನ್ನುತ್ತಾರೆ. ಸೋಮವಾರ ಏನಾದೀತೋ ಅವರಿಗೂ ಗೊತ್ತಿಲ್ಲ. ರೊಟ್ಟಿ ಮುರಿದು, ರಿಜಿಸ್ಟರನ್ನು ಎಣ್ಣೆ ತಾಗದಂತೆ ಆಚೆ ಸರಿಸುತ್ತಾರೆ.

“ಬ್ಯಾಡ್ರಿ ಸಾಹೇಬ್ರ. ನನ್ನ ಕೈಯಾಗಿನ ಪುಸ್ತಕದಾಗ ಈಗ ಒಂದೂ ಸುಳ್ಳಿಲ್ಲ. ಓದಾವ್ರು ಓದ್ಲಿ.”