ಕಾಕಾ ಹೇಳದೆ ಬಿಡುತ್ತಿದ್ದ ಫೈನಲ್

ಕಾಕಾನ ಎಡಗೈಯ ಕಿರುಬೆರಳು ಬುಡದಿಂದಲೇ ಹೊರಕ್ಕೆ ವಾಲಿಕೊಂಡಿತ್ತು. ಈರುಳ್ಳಿ ತೂಗುವಾಗ, ಖುಬೂಸ್ ರೊಟ್ಟಿಯ ಪ್ಯಾಕೆಟ್ ಎತ್ತಿಕೊಡುವಾಗ ಉಳಿದ ಬೆರಳುಗಳು ಕೆಲಸ ಮಾಡುತ್ತಿದ್ದರೆ, ಅದೊಂದು ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಬೇರೆ ಕಡೆ ನೋಡುತ್ತಿತ್ತು. ಅಂಗಡಿಗೆ ಬಂದ ಹೊಸಬರು ಆ ಬೆರಳಿನ ಮೇಲೆ ಕಣ್ಣು ಹಾಯಿಸಿದರೋ ಮುಗಿಯಿತು, ಬೇಗ ಹೊರಡುವ ಆಸೆ ಬಿಡಬೇಕು. "ಇದು ಪಾಲಕ್ಕಾಡಿನ ಸೆಮಿಫೈನಲ್," ಎಂದು ಕಾಕಾ ಶುರು ಮಾಡುತ್ತಿದ್ದರು.

ಒಮಾನಿನ ರುಸ್ತಾಕ್ ಊರಿನ ಕೋಟೆಯ ಹತ್ತಿರದ ರಸ್ತೆಯಲ್ಲಿ ಅವರ ಬಕಾಲ ಇತ್ತು. ಕಿರಾಣಿ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಅವರು ಮಂಗಳೂರಿನ ಹೊಳೆಯಾಚೆಯ ಬ್ಯಾರಿ, ಎಪ್ಪತ್ತರ ಹತ್ತಿರದ ವಯಸ್ಸು. ನಾನು ವಿಜಾಪುರ ಜಿಲ್ಲೆಯ ಲಿಂಗಾಯತ, ವಿದ್ಯುತ್ ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ನಮ್ಮ ಕಡೆ ಅಪ್ಪನ ತಮ್ಮನಿಗೆ ಕಾಕಾ ಅನ್ನುತ್ತೇವೆ. ನಾನು ಹಾಗೆ ಕರೆದೆ, ಆಮೇಲೆ ಓಣಿಯೆಲ್ಲ ಹಾಗೇ ಕರೆಯಿತು.

ಐವತ್ತರ ದಶಕದಲ್ಲಿ, ಅವರ ಊರು ಇನ್ನೂ ಮದರಾಸಿಗೆ ಸೇರಿದ್ದಾಗ, ಕಾಕಾ ಮಂಗಳೂರಿನ ಕಾಲೇಜೊಂದರ ಫುಟ್ಬಾಲ್ ತಂಡದ ಗೋಲಿ. ಆಡಿದ್ದು ಒಂದೇ ಸೀಸನ್. ಆ ಒಂದು ಸೀಸನ್ನನ್ನು ಅವರು ಅರ್ಧ ಶತಮಾನ ಆಡುತ್ತಲೇ ಇದ್ದರು. ಕೌಂಟರಿನ ಮೇಲೆ ಉಪ್ಪಿನ ಪ್ಯಾಕೆಟ್ಟುಗಳು ಹಿಂದಿನ ಸಾಲು, ಬೆಂಕಿಪೊಟ್ಟಣಗಳು ಎದುರಾಳಿಗಳು, ಟ್ಯೂನಾ ಮೀನಿನ ಡಬ್ಬಿಗಳು ಮುಂದಿನ ಸಾಲು. ಗಿರಾಕಿ ಡಬ್ಬಿಗೆ ಕೈ ಹಾಕಿದರೆ, "ಅದು ಸೆಂಟರ್ ಫಾರ್ವರ್ಡ್ ಮಾರಾಯ್ರೆ, ಶೆಲ್ಫಿನಿಂದ ಬೇರೆ ತಗೊಳ್ಳಿ," ಎನ್ನುತ್ತಿದ್ದರು.

ಬರಿಗಾಲಿನ ತಂಡವಂತೆ ಅದು. ಕಣಕಾಲಿಗೆ ಬಟ್ಟೆ ಸುತ್ತಿಕೊಂಡು ಆಡುತ್ತಿದ್ದರು. ಎಡ ಅಂಚಿನಲ್ಲಿ ಓಡುವವನೊಬ್ಬ ಭಟ್ಟರ ಹುಡುಗ, ಜನಿವಾರ ಅಡ್ಡ ಬರುತ್ತದೆಂದು ಕಿವಿಗೆ ಸುತ್ತಿಕೊಂಡು ಓಡುತ್ತಿದ್ದ. ಅವನು ಎಲ್ಲಿಗೆ ಅವಸರದಲ್ಲಿ ಹೊರಟಿದ್ದಾನೆಂದು ನೋಡುವವರು ಕೇಳುತ್ತಿದ್ದರಂತೆ. ಕಪ್ಪು ಕೋಟಿನ ಡ್ರಿಲ್ ಮಾಸ್ಟರ್, ಬಾಯಿಯಿಂದ ಪೀಪಿ ತೆಗೆಯದೆ ಬೈಯುವವರು. ಕಣ್ಣೂರಿನಲ್ಲಿ ಗೆದ್ದರು. ಕಲ್ಲಿಕೋಟೆಯ ಒದ್ದೆ ಮರಳಿನಲ್ಲಿ ಸೋಲುತ್ತ ಸೋಲುತ್ತ ಗೆದ್ದರು. ಪಾಲಕ್ಕಾಡಿನಲ್ಲಿ ಪೆನಾಲ್ಟಿ ತಡೆಯುವಾಗ ಕಾಕಾನ ಬೆರಳು ಮುರಿಯಿತು, ಚೆಂಡು ಮಾತ್ರ ಒಳಗೆ ಹೋಗಲಿಲ್ಲ.

ಅಲ್ಲಿಗೆ ಕಾಕಾ ಡಬ್ಬಿ, ಪ್ಯಾಕೆಟ್ ಎಲ್ಲ ಎತ್ತಿ ಶೆಲ್ಫಿಗೆ ಸೇರಿಸುತ್ತಿದ್ದರು.

"ಫೈನಲ್ ಏನಾತ್ರಿ ಕಾಕಾ?"

"ಅದು ಬೇಡ. ನಿಮಗೆ ಹಾಲು ಬೇಕಿತ್ತಲ್ವಾ?"

ಸೋತಿರಬೇಕು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಹಾಗೆಂದು ಕಾಲೆಳೆಯುತ್ತಲೂ ಇದ್ದೆವು. ಅವರು ಸುಮ್ಮನೆ ನಗುತ್ತಿದ್ದರು.

ಅಂಗಡಿಯ ಹಿಂದಿನ ಜಲ್ಲಿಕಲ್ಲಿನ ಬಯಲಿನಲ್ಲಿ ಶುಕ್ರವಾರ ನಮ್ಮ ಆಟ. ಕ್ಯಾಪ್ಟನ್ ಬಂಟ್ವಾಳದ ಟೈಲರ್, ಆಟದ ಹುಚ್ಚು ತಲೆಗೇರಿದವನು. ಓಡಲು ಬಾರದ ನನ್ನನ್ನು ಗೋಲಿಗೆ ನಿಲ್ಲಿಸಿದ್ದ. ಕಾಕಾ ನನಗೆ ಎರಡೇ ಪಾಠ ಹೇಳಿದ್ದರು: ಚೆಂಡನ್ನು ನೋಡಿ, ಜನರನ್ನು ನೋಡಬೇಡಿ. ಆಡುವಾಗ ಮೊಬೈಲು, ವಾಚು, ಪಾಕೀಟು ಎಲ್ಲ ಅವರ ಕೌಂಟರಿನಲ್ಲಿಟ್ಟು ಹೋಗುತ್ತಿದ್ದೆವು.

ಆ ಶುಕ್ರವಾರ ಸುವೈಕ್ ಊರಿನವರ ಜೊತೆ ನಮ್ಮ ಫೈನಲ್ ಇತ್ತು. ನಾವು ಒಂದು ಗೋಲು ಮುಂದಿದ್ದೆವು, ಆಟ ಇನ್ನೇನು ಮುಗಿಯುವುದರಲ್ಲಿತ್ತು. ಕಾಕಾ ಬಿಳಿ ಲುಂಗಿ ಉಟ್ಟುಕೊಂಡೇ ಮೈದಾನದ ನಡುವೆ ನಡೆದು ಬಂದರು. ಚೆಂಡು ಅವರ ಪಕ್ಕದಲ್ಲೇ ಹಾಯ್ದು ಹೋಯಿತು, ತಿರುಗಿ ನೋಡಲಿಲ್ಲ. ಒಮಾನಿ ರೆಫರಿ ಸೀಟಿ ಊದಿದ. "ಖಲಾಸ್," ಎಂದು ಅವನಿಗೆ ಕೈ ತೋರಿಸಿ ನನ್ನ ಮುಂದೆ ಬಂದು ನಿಂತರು.

"ಊರಿಂದ ನಿಮ್ಮ ತಮ್ಮನ ಫೋನ್ ಬಂದಿತ್ತು. ನಿಮ್ಮ ತಂದೆ ತೀರಿಹೋದರಂತೆ, ಈಗಷ್ಟೇ. ಬನ್ನಿ, ಹೋಗುವ."

ನನಗೆ ಏನೂ ಆಗಲಿಲ್ಲ. ಅಳು ಬರಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಕಾಕಾನ ಲುಂಗಿಗೆ ಧೂಳು ಹತ್ತಿದ್ದನ್ನು ನೋಡುತ್ತ ನಿಂತಿದ್ದೆ. ಕ್ಯಾಪ್ಟನ್ ಓಡಿ ಬಂದ. ಅವನೇನು ಕೆಟ್ಟವನಲ್ಲ, ಬಾಯಿ ಜಾರಿತು ಅಷ್ಟೇ.

"ಎಂತ ಕಾಕಾ, ಇನ್ನು ಸ್ವಲ್ಪ ಹೊತ್ತಲ್ವಾ ಇದ್ದದ್ದು? ಮುಗಿದ ಮೇಲೆ ಹೇಳಬಹುದಿತ್ತು."

ಕಾಕಾನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನೀನು ಬಾಯಿ ಮುಚ್ಚು. ಗೋಲಿಗೆ ಬೇರೆ ಯಾರನ್ನಾದರೂ ನಿಲ್ಲಿಸು," ಎಂದರು.

ಪಾಸ್‌ಪೋರ್ಟ್ ಕಂಪನಿಯಲ್ಲಿತ್ತು, ಶುಕ್ರವಾರ ಆಫೀಸಿಗೆ ಬೀಗ. ಕಾಕಾ ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ನೇರ ನನ್ನ ಕಫೀಲನ, ಅಂದರೆ ವೀಸಾ ಕೊಟ್ಟ ಒಮಾನಿ ಮಾಲೀಕನ ಮನೆಗೇ ಹೋದರು. ಅವನು ಕಹ್ವಾ ಕಾಫಿ ತರಿಸಹೊರಟ. ಕಾಕಾ ಬೇಡವೆಂದು ಎದೆಯ ಮೇಲೆ ಕೈಯಿಟ್ಟು ಅರಬ್ಬಿಯಲ್ಲಿ ನಾಲ್ಕು ಮಾತು ಹೇಳಿದರು. ಆ ಮನುಷ್ಯ ತಲೆಗೆ ಮುಸರ್ ಸುತ್ತುವುದನ್ನೂ ಅರ್ಧಕ್ಕೆ ಬಿಟ್ಟು ನಮ್ಮ ಜೊತೆ ಬಂದು, ತಾನೇ ಆಫೀಸಿನ ಬೀಗ ತೆಗೆದು ಪಾಸ್‌ಪೋರ್ಟ್ ಕೊಟ್ಟ.

ರುಸ್ತಾಕಿನಿಂದ ಸೀಬ್ ವಿಮಾನ ನಿಲ್ದಾಣಕ್ಕೆ ಹೊರಟೆವು. ಬೋಳು ಗುಡ್ಡಗಳು ಹಿಂದೆ ಹೋಗುತ್ತಿದ್ದವು. ಬಹಳ ದೂರ ಹೋದ ಮೇಲೆ ಕಾಕಾ, "ಗ್ಲೌಸ್ ತೆಗಿ ಮಗಾ," ಎಂದರು. ಅಲ್ಲಿಯವರೆಗೆ ನನ್ನನ್ನು 'ನೀವು' ಎನ್ನುತ್ತಿದ್ದವರು. ನೋಡಿಕೊಂಡೆ, ಕೈಗವಸು ಕೈಯಲ್ಲೇ ಇತ್ತು. ಅದನ್ನು ತೆಗೆಯುತ್ತಿದ್ದಾಗ, ನಾನು ಕೇಳದೆಯೇ, ಅವರು ಆ ಫೈನಲ್ ಹೇಳಿದರು.

"ಫೈನಲ್ ಮಂಗಳೂರಲ್ಲೇ ಇತ್ತು. ಅರ್ಧ ಆಟ ಆಗುವಾಗ ನೋಡ್ತೇನೆ, ನನ್ನ ಗೋಲಿನ ಹಿಂದೆ ನಮ್ಮ ಮಾವ ಕೂತಿದ್ದಾರೆ. ತಾಯಿಯ ಅಣ್ಣ. ಜೀವನದಲ್ಲಿ ಒಂದು ಆಟ ನೋಡಿದವರಲ್ಲ. ನನ್ನ ಆಟ ನೋಡಲಿಕ್ಕೆ ಹೊಳೆ ದಾಟಿ ಬಂದದ್ದು ಅಂತ ನನಗೆ ಭಾರಿ ಖುಷಿ. ಅವರಿಗೆ ತೋರಿಸಲಿಕ್ಕೆ ಬೇಡದ ಚೆಂಡಿಗೂ ಹಾರಿದೆ. ಅವರು ಬಂದದ್ದು ನನ್ನನ್ನು ಕರ್ಕೊಂಡು ಹೋಗಲಿಕ್ಕೆ. ನಮ್ಮ ತಂದೆ ಮಧ್ಯಾಹ್ನ ಹೋಗಿದ್ದರು. ಡ್ರಿಲ್ ಮಾಸ್ಟರ್ ಹೇಳಿದರಂತೆ, ಇನ್ನು ಸ್ವಲ್ಪ ಹೊತ್ತು, ಮುಗಿಯಲಿ ಅಂತ. ಕೋಟು ಹಾಕಿದವರು ಹೇಳಿದ್ದಲ್ವಾ? ಮಾವ ಕೊಡೆ ಮಡಚಿ ಕೂತರು."

ಪಿಕಪ್ಪು ಬರ್ಕಾದ ವೃತ್ತ ಸುತ್ತಿ ಹೆದ್ದಾರಿಗೆ ಬಿತ್ತು.

"ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಎತ್ತಿ ಮೈದಾನ ಸುತ್ತಿದರು. ಮಾವ ಹಿಂದೆ ಹಿಂದೆ ನಡೆಯುತ್ತಿದ್ದರು, ಈಗ ಇಳಿಸ್ತಾರೆ, ಈಗ ಇಳಿಸ್ತಾರೆ ಅಂತ. ಕಡವಿಗೆ ಬರುವಾಗ ದೋಣಿ ಆಚೆ ದಡದಲ್ಲಿ. ನಮ್ಮಲ್ಲಿ ಹೆಚ್ಚು ಹೊತ್ತು ಇಡುವುದಿಲ್ಲ ಮಗಾ. ಮನೆ ಮುಟ್ಟುವಾಗ ಮಣ್ಣು ಹಾಕಿ ಆಗಿತ್ತು. ಮಣ್ಣು ಇನ್ನೂ ಹಸಿ ಇತ್ತು, ಮುಟ್ಟಿ ನೋಡಿದೆ. ಕೈಗೆ ಎಂತದೂ ಗೊತ್ತಾಗಲಿಲ್ಲ. ಬೆರಳಿಗೆ ಬ್ಯಾಂಡೇಜ್ ಇತ್ತಲ್ವಾ, ಅದಕ್ಕೇ ಅಂತ ಎಣಿಸಿದೆ."

ಗೇರ್ ಬದಲಿಸಿ ಕೇಳಿದರು, "ನಿಮ್ಮಲ್ಲೂ ಮಣ್ಣು ಮಾಡುವುದಲ್ವಾ?"

"ಹೌದ್ರಿ. ಕೂಡಿಸಿ ಮಣ್ಣು ಮಾಡ್ತೀವಿ. ಹಿರೇ ಮಗ ಮೊದಲ ಹಿಡಿ ಹಾಕಬೇಕ್ರಿ."

"ಹಾಕ್ತಿ," ಎಂದರು ಕಾಕಾ.

ಮುಂಬೈಗೆ ಬಂದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಊರು ಮುಟ್ಟಿದಾಗ ಮರುದಿನ ಹೊತ್ತು ಇಳಿದಿತ್ತು. ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ನನಗಾಗಿ ಕಾದಿದ್ದರು. ಭಜನೆಯವರ ಗಂಟಲು ಬಿದ್ದು ಹೋಗಿತ್ತು. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ. ಕೈಗೆ ಏನೂ ಗೊತ್ತಾಗಲಿಲ್ಲ, ನನ್ನ ಕೈಗೆ ಬ್ಯಾಂಡೇಜೂ ಇರಲಿಲ್ಲ. ಆದರೆ ಹಾಕಿದ್ದೆ. ಹಾಕಿದ್ದೇನೆ ಎಂಬುದೊಂದು ಎಷ್ಟು ದೊಡ್ಡದೆಂದು ನನಗೆ ವರ್ಷಗಳು ಕಳೆದ ಮೇಲೆ ತಿಳಿಯಿತು. ಆ ವರ್ಷಗಳಲ್ಲಿ ನಾನು ಕೆಲಸ ಮಾಡಿದೆ, ಉಂಡೆ, ಮಲಗಿದೆ. ಒಮ್ಮೆಯೂ ಅಳಲಿಲ್ಲ. ಹೆಂಡತಿ ಅದಕ್ಕೆ ಹೆದರುತ್ತಿದ್ದಳು.

ಮಕ್ಕಳ ಶಾಲೆಗಾಗಿ ನಾವು ಮಸ್ಕತ್ತಿನ ದಾರ್ಸೈಟಿಗೆ ಮನೆ ಬದಲಿಸಿದೆವು. ರುಸ್ತಾಕಿಗೆ ಹೋದಾಗಲೆಲ್ಲ ಬಕಾಲಕ್ಕೆ ಹೋಗುತ್ತಿದ್ದೆ. ಕಾಕಾ ಈಗಲೂ ಹೊಸಬರಿಗೆ ಪಾಲಕ್ಕಾಡಿನವರೆಗೆ ಹೇಳಿ ಡಬ್ಬಿ ಎತ್ತಿಡುತ್ತಿದ್ದರು. ಫೈನಲ್ ಏನಾಯಿತೆಂದು ಯಾರಾದರೂ ಕೇಳಿದರೆ ನಾನೂ ಗೊತ್ತಿಲ್ಲದವನ ಹಾಗೆ ಇರುತ್ತಿದ್ದೆ.

ಒಂದು ದಿನ ಮಸ್ಕತ್ತಿನ ಆಫೀಸಿನಲ್ಲಿ, ಜನರಲ್ ಮ್ಯಾನೇಜರ್ ಎದುರು ಮೀಟಿಂಗಿನಲ್ಲಿದ್ದಾಗ ಮೊಬೈಲು ನಡುಗಿತು. ಟೈಲರ್ ಕ್ಯಾಪ್ಟನ್. ಕೆಳದನಿಯಲ್ಲಿ ಹಲೋ ಎಂದೆ.

"ಮೀಟಿಂಗಲ್ಲಿದ್ದೀರಾ?" ಎಂದ. ನಾನು ಉತ್ತರಿಸುವ ಮೊದಲೇ, "ಇದ್ದರೂ ಹೇಳ್ತೇನೆ. ಕಾಕಾ ಹೋದರು. ಅಂಗಡಿಯಲ್ಲೇ, ಕೂತಲ್ಲೇ. ಮಕ್ಕಳಿಗೆ ಊರಿಂದ ಬರ್ಲಿಕ್ಕೆ ಆಗುವುದಿಲ್ಲ. ಸಂಜೆ ಅಸರ್ ನಮಾಜ್ ಮುಗಿದ ಕೂಡಲೇ ದಫನ್. ನೀವು ಬನ್ನಿ."

ನಾನು ಎದ್ದೆ. ಮ್ಯಾನೇಜರ್ ಮಾತು ನಿಲ್ಲಿಸಿ ನೋಡಿದ. ಏನು ಹೇಳಿದೆನೋ ನೆನಪಿಲ್ಲ, ಬಾಗಿಲು ದಾಟಿದ್ದು ನೆನಪಿದೆ.

ಸ್ಮಶಾನ ಮುಟ್ಟಿದಾಗ ಗುಂಡಿ ಮುಚ್ಚುತ್ತಿದ್ದರು. ಕ್ಯಾಪ್ಟನ್ ನನ್ನ ಕಾರು ಕಂಡದ್ದೇ ಸಲಿಕೆ ಹಿಡಿದವರ ಮುಂದೆ ಕೈ ಅಡ್ಡ ಹಿಡಿದು ನಿಂತ. "ಒಂದು ನಿಮಿಷ, ಒಬ್ಬರು ಬರಲಿಕ್ಕುಂಟು," ಎಂದು ಹಿಂದಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳುತ್ತಿದ್ದ. ಕಫೀಲನೂ ಅಲ್ಲಿದ್ದ. ಎಲ್ಲರೂ ನನಗೆ ದಾರಿ ಬಿಟ್ಟರು.

ನಾನು ಬಗ್ಗಿ ಮೂರು ಹಿಡಿ ಮಣ್ಣು ಹಾಕಿದೆ. ಇಡೀ ದಿನ ಬಿಸಿಲಿಗೆ ಬಿದ್ದಿದ್ದ ಜಲ್ಲಿಮಣ್ಣು ಅದು, ಅಂಗೈ ಸುಡುತ್ತಿತ್ತು. ಸುಡುತ್ತಿದೆ ಎಂದು ಗೊತ್ತಾಯಿತು. ಅಲ್ಲೇ ಕೂತು, ಮೊದಲು ಅಪ್ಪನಿಗಾಗಿ, ಆಮೇಲೆ ಕಾಕಾನಿಗಾಗಿ ಅತ್ತೆ.